ಕಾರಿಗೊಂದು ಸುತ್ತು

ಇನ್ನು ಕಾರು ಓಡಿಸಬಾರದೆಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೂ ಆ ನಿವೃತ್ತ ಯುದ್ಧವಿಮಾನ ಪೈಲಟ್, ತಮ್ಮ ಮಗಳಿಗೆ ಕೀ ಕೊಡಲು ಮನಸ್ಸೊಪ್ಪದೆ ಮುಷ್ಟಿ ಬಿಗಿಹಿಡಿದು ನಿಂತಿದ್ದರು.

ವಿಮಾನವನ್ನು ಸುತ್ತು ಹಾಕಿ ಮುಟ್ಟಿ ನೋಡದೆ ಅವರು ಎಂದೂ ಏರಿದವರಲ್ಲ. ಕಾರಿಗೂ ಅದೇ ಮರ್ಯಾದೆ ಸಲ್ಲುತ್ತಿತ್ತು. ಆಗಿನ್ನೂ ಪುಟ್ಟವಳಾಗಿದ್ದ ಮಗಳು ಹಿಂದಿನ ಸೀಟಿನಿಂದ ರೇಗುತ್ತಿದ್ದಳು: "ಇದಕ್ಕೇನು ರೆಕ್ಕೆ ಇದ್ಯಾ? ಬೇಗ ಹತ್ತಪ್ಪಾ, ಸ್ಕೂಲಿಗೆ ಹೊತ್ತಾಯ್ತು!"

ಇಂದು ಅವಳು ಬಾಗಿಲು ತೆರೆಯದೆ ಕಾರಿನ ಹಿಂದೆ ಮರೆಯಾದಳು. ಅವರು ಕಿವಿಗೊಟ್ಟರು. ಚಕ್ರ ತಟ್ಟಿದ ಸದ್ದು ಕೇಳಿಸಿತು.

"ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ ಅಪ್ಪಾ, ಮೊದಲು ಹಾಕಿಸೋಣ," ಎನ್ನುತ್ತ ಅವಳು ಸುತ್ತು ಮುಗಿಸಿ ಬಂದಳು.

ಮುಷ್ಟಿ ತಾನಾಗಿ ಸಡಿಲಿತು. ಕೀಯನ್ನು ಅವಳ ಅಂಗೈಯಲ್ಲಿಟ್ಟು, ಹಿಂದಿನ ಸೀಟಿನಲ್ಲಿ ಕುಳಿತು ಅವರು ಕೂಗಿದರು:

"ಇದಕ್ಕೇನು ರೆಕ್ಕೆ ಇದ್ಯಾ? ಬೇಗ ಹತ್ತಮ್ಮಾ, ಸ್ಕೂಲಿಗೆ ಹೊತ್ತಾಯ್ತು!"