ಅಂಟುವಾಳದ ನೊರೆ

“ಅಲ್ಲೇ ನಿಂದ್ರು, ಉಸ್ಮಾನಸಾಬ. ಒಳಗ ಮಡಿ ಅದ,” ಎಂದು ಮಾರ್ತಾಂಡರಾಯರು ಅಡುಗೆಮನೆಯ ಬಾಗಿಲಿಗೆ ಕೈ ಅಡ್ಡ ಹಿಡಿದರು.

ಉಸ್ಮಾನಸಾಬ ಹೆಗಲಿನಿಂದ ಸಿಲಿಂಡರ್ ಇಳಿಸಿದ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ತಿಂಗಳು ಅದು. ಬೆಟಗೇರಿಯ ಆ ಓಣಿಗೆ ಮೊದಲು ಗ್ಯಾಸು ಬಂದದ್ದು ರಾಯರ ಮನೆಗೇ.

“ನಾನ ಜೋಡಸಬೇಕ್ರಿ ರಾಯರ. ವಾಶರ್ ಸರಿ ಕುಂಡ್ರಲಿಲ್ಲಂದ್ರ ಸೋರತೈತಿ.”

“ನೀ ಹೇಳು. ನಾ ಜೋಡಸ್ತೀನಿ.”

ಅವನು ಹೊಸ್ತಿಲಾಚೆಯಿಂದಲೇ ಹೇಳಿದ. ಕಿಟಕಿ ತೆರೆದಿಡಬೇಕು. ಸೋರಿದ ಗ್ಯಾಸು ನೆಲ ಹಿಡಿದೇ ಕೂಡುತ್ತದೆ, ನಾತ ಬಂದರೆ ಕಡ್ಡಿ ಗೀರಬಾರದು. ಜೋಡಿಸಿದಲ್ಲಿ ಸಾಬೂನಿನ ನೊರೆ ಹಚ್ಚಬೇಕು, ಗುಳ್ಳೆ ಎದ್ದರೆ ತನ್ನನ್ನು ಕರೆಯಬೇಕು.

“ನೈವೇದ್ಯ ಮಾಡೋ ಜಾಗಾದಾಗ ಸಾಬೂನಾ? ಅದರಾಗ ಯಾವ ಕೊಬ್ಬ ಹಾಕಿರ್ತಾರೋ!” ಎಂದು ರಾಯರ ಹೆಂಡತಿ ವಿಮಲಾಬಾಯಿ ನಕ್ಕಳು.

ಸಿಲಿಂಡರಿನ ಮೇಲೆ ಮೂರು ಕೊಡ ನೀರು ಸುರಿದು ರಾಯರು ಅದನ್ನು ಒಳಗೆ ಎಳೆದುಕೊಂಡರು. ಅಂದೇ ಕಟ್ಟಿಗೆಯ ಒಲೆ ಕೆಡವಿಸಿದರು.

ಗ್ಯಾಸು ಹಚ್ಚುವವರು ಯಾರು ಎಂಬ ಮಾತೇ ಬರಲಿಲ್ಲ. ರಾಯರ ಅಕ್ಕ ತುಳಸಾಬಾಯಿ ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ನಲವತ್ತು ವರ್ಷದಿಂದ ಆ ಮನೆಯಲ್ಲಿ ಬೇಯಿಸುತ್ತಿದ್ದಳು. ದಿನವೂ ಅವಳು ಕಡ್ಡಿಪೆಟ್ಟಿಗೆ ಎತ್ತಿಕೊಂಡ ಕೂಡಲೆ ವಿಮಲಾಬಾಯಿ ಮಕ್ಕಳನ್ನು ಕರೆದುಕೊಂಡು ಬೀದಿಗೆ ಹೋಗಿ ನಿಲ್ಲುವಳು. ಹಿಂದೆಯೇ ರಾಯರು. “ಹತ್ತಿತೇನು?” ಎಂದು ಅಲ್ಲಿಂದ ಕೂಗುವರು. “ಹತ್ತಿತು” ಎಂದ ಮೇಲೆ ಎಲ್ಲರೂ ಕಾಫಿಗೆ ಒಳಗೆ ಬರುವರು.

ಏಕಾದಶಿ ಬಂತು. ಅಂದು ಅಡುಗೆಯಿಲ್ಲ, ಅಡುಗೆಮನೆಯ ಬಾಗಿಲನ್ನೂ ಯಾರೂ ತೆರೆಯಲಿಲ್ಲ. ದ್ವಾದಶಿಯ ಬೆಳಗ್ಗೆ ತುಳಸಾಬಾಯಿ ಒಳಗೆ ಕಾಲಿಟ್ಟಾಗ ನಾತ ಮೂಗಿಗೆ ಹೊಡೆಯಿತು. ಉಸ್ಮಾನಸಾಬನ ಮಾತನ್ನು ಅವಳು ಅಂದು ಕದದ ಹಿಂದೆ ನಿಂತು ಕೇಳಿದ್ದಳು. ಸಾಬೂನು ಮುಟ್ಟುವಂತಿರಲಿಲ್ಲ. ಮಡಿಸೀರೆ ಒಗೆಯುವ ಅಂಟುವಾಳ ಕಿವುಚಿ ಅದರ ನೊರೆ ಹಚ್ಚಿದಳು. ಕೂಸು ಜೊಲ್ಲು ಊದಿದಂತೆ ಗುಳ್ಳೆಗಳು ಎದ್ದವು. ಸಿಲಿಂಡರಿನ ಗುಂಡಿ ತಿರುವಿ ಬಂದ್ ಮಾಡಿ, ಮಡಿಗೆಂದು ಸದಾ ಮುಚ್ಚಿರುತ್ತಿದ್ದ ಕಿಟಕಿ ತೆರೆದಳು.

“ಮಾರ್ತಾಂಡಾ, ಸೋರಲಿಕತ್ತದ. ಉಸ್ಮಾನಸಾಬನ್ನ ಕರಿ.”

“ಅಂವ ಒಳಗ ಬಂದ್ರ ನೈವೇದ್ಯ ಹ್ಯಾಂಗ, ಅಕ್ಕಾ? ಉಪಾಸ ಬಿಟ್ಟು ಪಾರಣಿ ಮಾಡೋ ಹೊತ್ತ ಮೀರತದ. ಹಚ್ಚು.”

“ಮೂರ ಕಲ್ಲಿಟ್ಟು ಹಿತ್ತಲದಾಗ ಬೇಯಸ್ತೀನಿ.”

“ಮಂದಿ ನೋಡಿ ನಗಲಿಕ್ಕೇನು?”

ವಿಮಲಾಬಾಯಿ ಮಕ್ಕಳ ಕೈ ಹಿಡಿದು ಬಾಗಿಲಲ್ಲಿ ಹಿಂದಿರುಗಿ ನೋಡಿದಳು. “ನಿಮಗ್ಯಾತರ ಅಂಜಿಕಿರಿ ಅಕ್ಕಾ? ನಿಮ್ಮ ಹಿಂದ ಅಳೋರ ಯಾರ ಅದಾರ?”

ಬೀದಿಯಿಂದ ಮೂರನೆಯ ಸಲ ಕೂಗು ಬಂತು. ತುಳಸಾಬಾಯಿ ಹರಿಸ್ಮರಣೆ ಮಾಡಿ ಗುಂಡಿ ತೆರೆದು ಕಡ್ಡಿ ಗೀರಿದಳು.

ಮೊಣಕಾಲೆತ್ತರದ ಉರಿ ನೆಲದ ಮೇಲೆ ಭುಗ್ಗೆಂದು ಹರಿಯಿತು. ಉರಿಯೊಳಗೇ ಕೈಯಿಟ್ಟು ಅವಳು ಗುಂಡಿ ತಿರುವಿದಳು.

ಹೊಗೆ ಕರಗಿದ ಮೇಲೆ ಬೀದಿಯಲ್ಲಿದ್ದವರು ಒಳಗೆ ಬಂದರು. ತುಳಸಾಬಾಯಿ ಗೋಡೆಗೆ ಒರಗಿದ್ದಳು; ಹುಬ್ಬುಗಳು ಇರಲಿಲ್ಲ.

“ಪುಣ್ಯಾ, ಸುಡಲಿಕ್ಕೆ ತಲೀಮ್ಯಾಲೆ ಕೂದಲ ಇದ್ದಿಲ್ಲ,” ಎಂದಳು ವಿಮಲಾಬಾಯಿ.

ರಾಯರು ಗಡಿಯಾರ ನೋಡಿದರು. “ಇರ್ಲಿ. ತೀರ್ಥ ತೊಗೊಂಡ್ರೂ ಪಾರಣಿ ಆಗತದ.”

ದೇವರ ಮನೆಯಿಂದ ಪಂಚಪಾತ್ರೆ ತಂದು ಎಲ್ಲರಿಗೂ ಒಂದೊಂದು ಉದ್ಧರಣೆ ತೀರ್ಥ ಹಾಕಿದರು. ಕೊನೆಗೆ ಅಕ್ಕನ ಮುಂದೆ ಬಂದರು. ಅವಳು ಬಲಗೈ ಚಾಚಿದಳು. ಬೆರಳು ಮಡಿಚಲು ಬರಲಿಲ್ಲ. ತೀರ್ಥ ಅಂಗೈಯಲ್ಲಿ ನಿಲ್ಲದೆ ಬೆರಳ ಸಂದಿನಿಂದ ಹನಿಹನಿಯಾಗಿ ಕರಿ ನೆಲಕ್ಕೆ ಇಳಿಯಿತು.