ಹದಿನಾಲ್ಕನೆಯ ಸಾಲು

ಗೋಡೆಗೆ ಬಡಿದ ಒಂದು ಮರದ ಹಲಗೆ. ಅದರ ಮೇಲೆ ನಿಘಂಟಿನಷ್ಟು ಅಗಲದ ಕಪ್ಪು ಪೆಟ್ಟಿಗೆ. ಪೆಟ್ಟಿಗೆಯ ಹಣೆಗೆ ಆಯುಧ ಪೂಜೆಯಂದು ಎಳೆದ ವಿಭೂತಿಯ ಮೂರು ಗೆರೆ, ನಡುವೆ ಒಣಗಿ ಬಿರಿದ ಕುಂಕುಮ. ಚೆಂಡುಹೂವಿನ ಸರ ಬಾಡಿ ಕಂದಾಗಿದೆ. ಅದರ ಒಂದು ಎಸಳು ಪುಟ್ಟ ಹಸಿರು ದೀಪದ ಮೇಲೆ ಬಿದ್ದು, ಬೆಳಕನ್ನು ಅರ್ಧಕ್ಕೆ ತಡೆದಿದೆ. ಹಲಗೆಯ ಕೆಳಗೆ, ಸುಣ್ಣದ ಗೋಡೆಯ ಮೇಲೆ, ನಾಲ್ಕು ತುಂಡು ಟೇಪು. ಅವುಗಳ ನಡುವೆ ಒಂದು ಹಾಳೆಯಷ್ಟು ಜಾಗ ಉಳಿದ ಗೋಡೆಗಿಂತ ಬೆಳ್ಳಗಿದೆ.

ಹಿಂದಿನ ದಿನದವರೆಗೆ ಅಲ್ಲಿ ನನ್ನ ಕೈಬರಹದ ಹಾಳೆಯಿತ್ತು. ಸಭೆಗೆಂದು ಸಿಂಧನೂರಿನ ಆ ಕೋಣೆಗೆ ಕಾಲಿಟ್ಟಾಗ ಅದನ್ನು ಯಾರು ಕಿತ್ತರೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ನಮ್ಮದು ಸಹಕಾರಿ ರಕ್ತಪರೀಕ್ಷಾ ಸಂಘ. ಸಿಂಧನೂರಿನಲ್ಲಿ ಮುಖ್ಯ ಕೇಂದ್ರ, ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಶಾಖೆಗಳು. ಕಾಲುವೆ ಇಲಾಖೆಯಿಂದ ನಿವೃತ್ತನಾದ ನನ್ನನ್ನು ವಯಸ್ಸಿಗೆ ಮರ್ಯಾದೆ ಕೊಟ್ಟು ಅಧ್ಯಕ್ಷನನ್ನಾಗಿಸಿದ್ದರು. ಒಂದೊಂದು ಊರಿನಲ್ಲೂ ಒಂದೊಂದು ಕಪ್ಪು ಪೆಟ್ಟಿಗೆ. ಅದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ಹೊರಗಿನಿಂದ ಬರುವ ಯಾವ ಸಂಪರ್ಕವನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ಅದರೊಳಗಿನ ನಿಯಮಗಳ ಪಟ್ಟಿ ತೀರ್ಮಾನಿಸುತ್ತದೆ. ಮೂರೂ ಬೇರೆ ಬೇರೆ ಕಂಪನಿಯವು. ಚಿಕ್ಕದೊಂದು ಬದಲಾವಣೆಗೂ ಅವನ್ನು ನೋಡಿಕೊಳ್ಳುವ ನಮ್ಮ ಹುಡುಗ ಗಾಳೆಪ್ಪ ಬೈಕ್ ಹತ್ತಿ ಊರೂರು ತಿರುಗಬೇಕು. ಮೂರನ್ನೂ ಒಂದೇ ಕಡೆಯಿಂದ ನಿಭಾಯಿಸುವ ಒಂದು ಸಾಧನವನ್ನು ಆರಿಸುವುದಕ್ಕೇ ಅಂದಿನ ಸಭೆ.

ಆಯ್ಕೆಗೆ ಎರಡಿದ್ದವು. ಮೊದಲನೆಯದನ್ನು ಕೊಂಡರೆ ಹೈದರಾಬಾದಿನ ಒಂದು ಕಂಪನಿಯವರು ಅಲ್ಲಿಂದಲೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಗಾಳೆಪ್ಪನ ಕೆಲಸ ಇರುವುದಿಲ್ಲ. ಎರಡನೆಯದು ನಮ್ಮಲ್ಲೇ ಇರುತ್ತದೆ, ಅದನ್ನು ಗಾಳೆಪ್ಪನೇ ನಡೆಸಬೇಕು. ಎರಡರ ಗುಣದೋಷಗಳನ್ನು ಬರೆದ ಕೋಷ್ಟಕ ನನ್ನ ಮುಂದಿತ್ತು. ಮೂರು ಸಲ ಓದಿದೆ. ಪ್ರತಿ ಪದವೂ ಪರಿಚಿತ. ವಾಕ್ಯ ಮಾತ್ರ ಅಪರಿಚಿತ.

ಲಿಂಗಸುಗೂರಿನ ನಿರ್ದೇಶಕ ಚಾಂದ್‌ಪಾಷಾ ಮಾತು ತೆಗೆದರು. "ಡಾಕ್ಟರಮ್ಮಾರೆ, ಇದರಾಗ ಯೋಚ್ನಿ ಮಾಡೂದೇನೈತ್ರೀ? ಹೋದ ತಿಂಗಳ ಮಸ್ಕಿ ರಿಪೋರ್ಟು ಒಂದೂವರಿ ದಿನ ಇಲ್ಲಿಗೆ ಮುಟ್ಲಿಲ್ಲ. ತುಂಬಿದ ಬಸುರಿ ಪಕೀರಮ್ಮ ಎರಡು ಸಲ ಬಸ್ ಹತ್ತಿ ಬಂದಾಳ. ಇನ್ನೂ ಈ ಗಾಳೆಪ್ಪನ ಕೈಯಾಗ ಕೊಡ್ತೀರೇನು?"

"ಗಾಳೆಪ್ಪ ಇಲ್ಲೇ ಕುಂತಾನ್ರೀ, ಅವನ್ನೇ ಕೇಳ್ರಿ," ಎಂದರು ಇನ್ನೊಬ್ಬ ನಿರ್ದೇಶಕಿ ಡಾಕ್ಟರ್ ಸುಕನ್ಯಾ.

ಗಾಳೆಪ್ಪ ತಲೆಯೆತ್ತಲಿಲ್ಲ. ಎರಡೂ ಸಾಧನಗಳ ಪ್ರಯೋಗಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಕೆಲಸವೂ ಅವನದೇ. "ಮೊದಲ ಎರಡನೇದು ತೋರಸ್ತೀನ್ರೀ," ಎಂದು ಒಂದು ಗುಂಡಿ ಒತ್ತಿದ. ಸಿಂಧನೂರಿನ ಪೆಟ್ಟಿಗೆಯ ಹದಿನಾಲ್ಕು ನಿಯಮಗಳು ಪರದೆಯ ಮೇಲೆ ಸಾಲಾಗಿ ಮೂಡಿದವು. ಕೊನೆಯದು ಕೆಂಪಾಗಿತ್ತು.

"ಅದ್ಯಾಕ ಕೆಂಪಗೈತಿ?" ಸುಕನ್ಯಾ ಮುಂದಕ್ಕೆ ಬಾಗಿದರು.

"ಆ ಸಾಲಿಗೆ ಯಾವತ್ತೂ ಪಾಳಿ ಬರಂಗಿಲ್ರೀ ಅಂತ ಹೇಳಾಕತ್ತೈತಿ. ಪೆಟ್ಟಿಗಿ ಮ್ಯಾಲಿಂದ ಕೆಳಗ ಓದ್ತೈತ್ರೀ. ಹದಿಮೂರನೇದು 'ಉಳಿದವರನ್ನೆಲ್ಲ ತಡಿ' ಅಂತೈತಿ. ಅಲ್ಲಿಗೆ ಮುಗೀತು. ಹದಿನಾಲ್ಕನೇದು 'ಮಸ್ಕಿ ಹೊಸಾ ಕಟ್ಟಡದವರನ್ನ ಒಳಗ ಬಿಡು' ಅಂತ. ಅದನ್ನ ಕೇಳೋರಿಲ್ಲ." ತಡವರಿಸಿ ಸೇರಿಸಿದ: "ಅವತ್ತು ಪೆಟ್ಟಿಗೀನ ಬಿಟ್ಟು ಬ್ಯಾರೆ ದಾರಿಲೆ ರಿಪೋರ್ಟು ತರಿಸಿದೆ. ಹಂಗೇ ನಡದೈತಿ. ತಪ್ಪು ಎಲ್ಲೈತಿ ಅಂತ ನಿನ್ನೆ ಇದನ್ನ ಹಚ್ಚಿ ನೋಡಿದಾಗ ಗೊತ್ತಾತು."

"ಅಂದ್ರ ನೀನೇ ತಪ್ಪು ಜಾಗಾದಾಗ ಬರದಿ!" ಚಾಂದ್‌ಪಾಷಾ ಮೇಜು ಕುಟ್ಟಿದರು. "ತಾನೇ ತೆಗೆದ ಕುಣಿ ತಾನೇ ತೋರ್ಸಾಕತ್ತಾನ, ಭಲೇ!"

"ಹೌದ್ರೀ. ನಂದೇ ತಪ್ಪು," ಎಂದ ಗಾಳೆಪ್ಪ.

ನನ್ನ ಕಿವಿಯಲ್ಲಿ ನೀರು ಹರಿದಂತಾಯಿತು. ಗೊರೇಬಾಳದ ಕಡೆಯ ಉಪಕಾಲುವೆ ನನ್ನ ಉಸ್ತುವಾರಿಯಲ್ಲಿದ್ದ ಕಾಲದಲ್ಲಿ ಗಾಳೆಪ್ಪನ ತಂದೆ ಮುದುಕಪ್ಪ ಅಲ್ಲಿ ಗೇಟು ಕಾಯುತ್ತಿದ್ದ. ಪಾಳಿಯ ಪಟ್ಟಿಯನ್ನು ಮೇಲಿನ ಹೊಲದಿಂದ ಕೆಳಗಿನ ಹೊಲದವರೆಗೆ ಬರೆಯುತ್ತಿದ್ದೆವು; ನೀರನ್ನು ಮಾತ್ರ ತುದಿಯ ಹೊಲದಿಂದ ಬಿಡುತ್ತಿದ್ದೆವು. ಪಟ್ಟಿಯ ಕೊನೆಯ ಹೆಸರಿಗೇ ಮೊದಲ ನೀರು. ನನ್ನ ಕೈಬರಹದ ಚೀಟಿಯಿಲ್ಲದೆ ಮುದುಕಪ್ಪ ಗೇಟಿನ ತಿರುಪನ್ನು ಮುಟ್ಟುತ್ತಿರಲಿಲ್ಲ. ಆ ಪದ್ಧತಿಯನ್ನೇ ನಾನು ಸಂಘಕ್ಕೂ ತಂದಿದ್ದೆ: ನನ್ನ ಕೈಬರಹವಿಲ್ಲದೆ ಪೆಟ್ಟಿಗೆಯಲ್ಲಿ ಒಂದು ಸಾಲೂ ಕದಲಬಾರದು.

ಮಸ್ಕಿಯ ಶಾಖೆ ಹೊಸ ಕಟ್ಟಡಕ್ಕೆ ಹೋದಾಗ ಗಾಳೆಪ್ಪ ನನ್ನ ಮನೆಗೆ ಬಂದಿದ್ದ. "ಇದನ್ನ ಎಲ್ಲಿ ಹಾಕಲ್ರೀ ಸರ, ಮ್ಯಾಲೋ ಕೆಳಗೋ?" ಎಂದು ಕೇಳಿದ್ದ. ನಾನು ಯೋಚಿಸಲಿಲ್ಲ. ಮಸ್ಕಿ ನಮ್ಮ ತುದಿಯ ಹೊಲ. ಕವಿತೆಯಲ್ಲೂ ಹಾಗೆಯೇ ಅಲ್ಲವೆ, ಕೊನೆಯ ಸಾಲು ಬಂದು ಮೇಲಿನವನ್ನೆಲ್ಲ ತಿದ್ದುತ್ತದೆ. ಹಿಂದಿನ ಹದಿಮೂರನ್ನೂ ಕನ್ನಡದಲ್ಲಿ ನಕಲು ಮಾಡಿ, ಅವುಗಳ ಕೆಳಗೆ ಹದಿನಾಲ್ಕನೆಯದನ್ನು ಬರೆದು, ಸಹಿ ಹಾಕಿ ಕೊಟ್ಟೆ; ಅದನ್ನೇ ಅವನು ಪೆಟ್ಟಿಗೆಯ ಕೆಳಗೆ ಗೋಡೆಗೆ ಅಂಟಿಸಿದ. ಕೇಬಲ್ ಎಳೆಯುತ್ತಲೇ ಈ ವಿದ್ಯೆ ಕಲಿತ ಹುಡುಗ ನನ್ನ ಸಹಿಯನ್ನು ಸಂಶಯಿಸಲಿಲ್ಲ. ಅವನ ಅಪ್ಪನೂ ಸಂಶಯಿಸಿದವನಲ್ಲ.

"ಹಂಗಾರ ಹೈದರಾಬಾದೇ ಖಾಯಂ," ಎಂದರು ಚಾಂದ್‌ಪಾಷಾ. "ಅಧ್ಯಕ್ಷರು ಒಂದು ಮಾತು ಹೇಳ್ರಿ, ಎದ್ದೇಳೂಣು."

"ಆ ಸಾಲು ನಾನು ಬರೆಸಿದ್ದು," ಎಂದೆ.

ಚಾಂದ್‌ಪಾಷಾ ನಕ್ಕರು. "ನಿಮ್ಮ ಮನಸು ದೊಡ್ಡದು ಬಿಡ್ರಿ ಸರ. ನಿಮಗ ಈ ಪೆಟ್ಟಿಗಿದು ಏನ್ ಗೊತ್ತೈತಿ ಅಂತ ಬರಸ್ತೀರಿ?"

ಅವರು ಹೇಳಿದ್ದು ನಿಜ. ನನಗೆ ಏನೂ ಗೊತ್ತಿರಲಿಲ್ಲ, ಬರೆಸಿದ್ದೂ ನಾನೇ. ಈ ಎರಡನ್ನೂ ಒಟ್ಟಿಗೆ ನಂಬಿಸುವ ಮಾತು ನನ್ನಲ್ಲಿರಲಿಲ್ಲ. ಸುಕನ್ಯಾ ಕೂಡ ಕನಿಕರದಿಂದ ನೋಡಿದರು. ಹುಡುಗನನ್ನು ಉಳಿಸಲು ಮುದುಕ ಸುಳ್ಳು ಹೇಳುತ್ತಿದ್ದಾನೆಂದು ಇಬ್ಬರೂ ತಿಳಿದಂತಿತ್ತು.

ಗೋಡೆಯ ಬಿಳಿ ಜಾಗವನ್ನು ನೋಡಿದೆ. ಆಮೇಲೆ ಗಾಳೆಪ್ಪನ ಅಂಗಿಯ ಜೇಬನ್ನು. ಮಡಿಸಿದ ಕಾಗದದ ಒಂದು ಮೂಲೆ ಅಲ್ಲಿಂದ ಇಣುಕುತ್ತಿತ್ತು.

"ಗಾಳೆಪ್ಪ, ಆ ಹಾಳೆ ತಗಿ."

"ಯಾವ ಹಾಳಿರೀ? ಹರಿದು ಹೋಗೈತ್ರೀ ಅದು."

"ನಿಮ್ಮಪ್ಪ ನನ್ನ ಒಂದು ಚೀಟಿನೂ ಕಳೀಲಿಲ್ಲಲೇ."

ಅವನು ಜೇಬಿನಿಂದ ಹಾಳೆಯನ್ನು ತೆಗೆದು ಮೇಜಿನ ಮೇಲೆ ಹರಡಿದ. ನೀಲಿ ಶಾಯಿಯ ಹದಿನಾಲ್ಕು ಸಾಲು. ಕೊನೆಯದರ ಪಕ್ಕದಲ್ಲಿ 'ಇಲ್ಲಿಯೇ ಇರಲಿ' ಎಂಬ ಟಿಪ್ಪಣಿ, ಕೆಳಗೆ ಸಹಿ. ಚಾಂದ್‌ಪಾಷಾ ಕನ್ನಡಕ ಏರಿಸಿ ಓದಿದರು, ನಗು ನಿಂತಿತು.

ಸುಕನ್ಯಾ ಮೆಲ್ಲಗೆ ಕೇಳಿದರು: "ಗಾಳೆಪ್ಪ, ಈ ಎರಡನೇದ್ರಾಗ ಕೆಂಪು ಗೆರಿ ಮೊದಲೇ ಬರ್ತೈತೇನು, ನಿಯಮ ಹಾಕೂಕಿಂತ ಮೊದಲು?"

"ಬರ್ತೈತ್ರೀ. ಬದಲಿ ಮಾಡಾಕ ಇನ್ನೊಬ್ಬರ ಒಪ್ಪಿಗೀನೂ ಬೇಕ್ರೀ."

"ಹಂಗಾರ ಇದೇ ಇರ್ಲಿ. ನೀನೇ ನಡಸು. ಒಪ್ಪಿಗಿ ಅಧ್ಯಕ್ಷರು ಕೊಡ್ಲಿ," ಎಂದರು ಚಾಂದ್‌ಪಾಷಾ, ನನ್ನತ್ತ ನೋಡದೆ. ಅದು ಅವರ ಕ್ಷಮೆಯ ರೀತಿಯಿರಬೇಕು.

"ಒಪ್ಪಿಗೆಯನ್ನು ಡಾಕ್ಟರಮ್ಮನೇ ಕೊಡಲಿ," ಎಂದೆ. "ತಿಳಿಯದೇ ಸಹಿ ಹಾಕುವ ಕೈ ಈ ಕೋಣೆಗೆ ಬೇಡ." ಎರಡನೆಯದನ್ನು ಕೊಳ್ಳುವ ನಿರ್ಣಯಕ್ಕೆ ಸಹಿ ಹಾಕಿ, ಅದರ ಕೆಳಗೆ ಅಧ್ಯಕ್ಷಗಿರಿಯಿಂದ ಬಿಡುಗಡೆ ಕೋರಿ ಎರಡು ಸಾಲು ಬರೆದೆ.

ಗಾಳೆಪ್ಪ ಎದ್ದು ನಿಂತಿದ್ದ. "ಸರ, ಒಂದು ಮಾತು. ಆ ಸಾಲನ್ನ ಒಂದು ಮನಿ ಮ್ಯಾಲ, ಹದಿಮೂರನೇದಕ್ಕಿಂತ ಮೊದಲ, ಎತ್ತಿದ್ರ ಸಾಕ್ರೀ, ಮಸ್ಕಿ ಸರಿ ಹೋಗ್ತೈತಿ. ಎತ್ಲೇನ್ರೀ?"

ಒಂದೇ ಒಂದು ಸಾಲು, ಒಂದು ಮನೆ ಮೇಲೆ. ಅಷ್ಟರಿಂದ ತುದಿಯ ಹೊಲಕ್ಕೆ ನೀರು ಹೇಗೆ ತಲುಪುತ್ತದೆ ಎಂಬುದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಇಲ್ಲ.

"ಅವರನ್ನು ಕೇಳು," ಎಂದು ಸುಕನ್ಯಾರತ್ತ ಕೈ ತೋರಿಸಿ ಹೊರಬಂದೆ. ಪೆಟ್ಟಿಗೆಯ ತಂಪು ಕೆಡದಿರಲೆಂದು ಸ್ಪ್ರಿಂಗ್ ಹಾಕಿಸಿದ್ದ ಬಾಗಿಲು ನನ್ನ ಹಿಂದೆ ತಾನಾಗಿಯೇ ಮುಚ್ಚಿಕೊಂಡಿತು.