ಬೀಳು ಬಿಟ್ಟ ಹೊಲ

ಒಂದು ವರ್ಷ ಹೊಲ ಬೀಳು ಬಿಟ್ಟರೆ ಸರ್ಕಾರ ಸಹಾಯಧನ ಕೊಡುತ್ತದೆ ಎಂದು ತಿಳಿದಾಗ ಮುದುಕ ರೈತ ಹಿಗ್ಗಿ ಹೀರೇಕಾಯಿಯಾದ. ಮೊದಲ ಕಂತೂ ಕೈಸೇರಿತು. ಆದರೆ ವಾರ ಕಳೆಯುವುದರೊಳಗೆ ಅವನ ಕೈ ತುರಿಸತೊಡಗಿತು. ಕಳೆ ಕಂಡರೆ ಜೀವ ತಡೆಯದು. ಒಂದು ಬೆಳಿಗ್ಗೆ ಹೆಂಡತಿಯ ಕಣ್ಣು ತಪ್ಪಿಸಿ ಗುದ್ದಲಿ ಹಿಡಿದು ಹೊಲಕ್ಕಿಳಿದ. ಅರ್ಧ ಸಾಲು ಅಗೆಯುವಷ್ಟರಲ್ಲಿ ತಪಾಸಣೆಗೆಂದು ಕೃಷಿ ಇಲಾಖೆಯ ಮೇಡಂ ಬಂದು ನಿಂತರು.

“ಏನಜ್ಜಾ ಇದು? ಏನೂ ಮಾಡ್ದೆ ಇರೋದಕ್ಕೇ ಅಲ್ವಾ ದುಡ್ಡು ಕೊಡ್ತಿರೋದು?”

“ಅದು ನನ್ನ ಕೈಲಾಗಲ್ಲ ತಾಯಿ. ಈ ಕೆಲಸ ನನ್ನ ಭಾವಮೈದುನನಿಗೆ ಕೊಡಿ. ಅವನಿಗೆ ನಲವತ್ತು ವರ್ಷದ ಅನುಭವ ಇದೆ.”

ಮೇಡಂ ನಗು ತಡೆಯಲಾರದೆ ಬದುವಿನ ಮೇಲೆ ಕೂತುಬಿಟ್ಟರು. ಸಹಾಯಧನ ವಾಪಸು ಹೋಯಿತು. ಮುದುಕ ಬಟಾಣಿ ಬಿತ್ತಿ, ಅಂದು ರಾತ್ರಿ ದುಡಿದ ಹಸಿವಿನಲ್ಲಿ ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡ.